ಬಣ್ಣ ಒರೆಸಿದ ಅಂಗಿ

ನಮ್ಮ ಮನೆಯಲ್ಲಿ ಯಾವ ವಸ್ತುವೂ ಹುಟ್ಟಿದಾಗ ಏನಾಗಿತ್ತೋ ಅದಾಗಿ ಉಳಿದಿಲ್ಲ. ಬಾಗಿಲಲ್ಲಿರುವ ಕಾಲೊರಸು ಒಂದು ಕಾಲದಲ್ಲಿ ಯಾರದೋ ಜೀನ್ಸ್ ಪ್ಯಾಂಟು. ಅಡುಗೆಮನೆಯ ಕಿಟಕಿಯ ಪರದೆ ಮುರಿದ ಕೊಡೆಗಳದ್ದು. ಬಿಸಿಲು ಬಂದಾಗ ನೆಲದ ಮೇಲೆ ಹಸಿರು, ನೇರಳೆ ತ್ರಿಕೋನಗಳು ಬೀಳುತ್ತವೆ. ನಾನು ಕೂತು ತರಕಾರಿ ಹೆಚ್ಚುವ ಮಣೆ ಸ್ಕೂಟರಿನ ಟೈರು. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಸ್ವೆಟರನ್ನು ಕುರ್ಚಿಯ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಅದು ಟೀ ಪಾತ್ರೆಗೆ ಟೊಪ್ಪಿಗೆಯಾಗಿತ್ತು.

"ಬಿಸಾಕಿದ್ದಲ್ವೇನೇ ಅದು?" ಅಂದರು ನಮ್ಮತ್ತೆ, ಚೂರೂ ನಾಚಿಕೆಯಿಲ್ಲದೆ.

ಅವತ್ತಿನಿಂದ ನನ್ನ ಬಟ್ಟೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ. ಗಂಡನಿಗೂ ಹೇಳಿದ್ದೇನೆ, ಒಂದೇ ಕಡೆ ತುಂಬ ಹೊತ್ತು ಅಲ್ಲಾಡದೆ ಕೂರಬೇಡಿ ಅಂತ.

ಬೀದಿಯವರಿಗೆಲ್ಲ ಅತ್ತೆ 'ಚೀಲದಮ್ಮ'. ಬೇರೆಯವರು ಬೇಡವೆಂದ ಬಟ್ಟೆಯಲ್ಲಿ ಹೆಗಲಿಗೆ ಹಾಕುವ ಚೀಲ ಹೊಲಿಯುವುದು ಅವರ ಕಸುಬು. ನಮ್ಮ ಮುಂದಿನ ಕೋಣೆಯೇ ಅವರ ಕಾರ್ಖಾನೆ, ಸೀರೆಯ ಮೇಲೆ ಕಟ್ಟಿಕೊಳ್ಳುವ ಜೇಬಿನ ಏಪ್ರನ್ನೇ ಸಮವಸ್ತ್ರ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು. ನಡುವೆ ಎರಡು ಡ್ರಮ್ಮಿನ ಮೇಲೆ ಅಡ್ಡ ಮಲಗಿಸಿದ ಹಳೆಯ ಬಾಗಿಲು, ಅದರ ಮೇಲೆ ಕತ್ತರಿಸುವ ಕೆಲಸ. ಗೋಡೆಯುದ್ದಕ್ಕೂ ಬಟ್ಟೆಯ ಗುಡ್ಡಗಳು. ಲಾಂಡ್ರಿಯವರು, ದರ್ಜಿಗಳು, ಹೋಟೆಲಿನವರು, ಎಲ್ಲರ ಕಸವೂ ನಮ್ಮ ಮನೆಗೇ ಬರುತ್ತಿತ್ತು. ಬರುವವರು ಬೇರೆ ಏನೋ ಉಪಕಾರ ಮಾಡಿದವರ ಹಾಗೆ ಹಲ್ಲು ಕಿರಿದು ಹೋಗುತ್ತಿದ್ದರು, ಗುಡಿಸುವವಳು ನಾನು.

ಅತ್ತೆಯ ಕೆಲಸದಲ್ಲಿ ಕೆಲವು ಕಟ್ಟುನಿಟ್ಟುಗಳಿದ್ದವು. ಬಟ್ಟೆಯನ್ನು ಅವರು ಹರಿಯುತ್ತಿರಲಿಲ್ಲ. ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಬಿಚ್ಚುತ್ತಿದ್ದರು. ಬಿಚ್ಚಿದ ಮೇಲೆ ಯಾವ ತೋಳು ಯಾವ ಅಂಗಿಯದು ಎಂಬ ಲೆಕ್ಕವಿಲ್ಲ. ದಪ್ಪದ್ದೆಲ್ಲ ಒಂದು ಗುಡ್ಡೆ, ತೆಳ್ಳನೆಯದೆಲ್ಲ ಇನ್ನೊಂದು. ಕಾಲರುಗಳು ಮಾತ್ರ ಬೇರೆ ಡಬ್ಬಕ್ಕೆ, ಅವು ಚೀಲದ ಹಿಡಿಗೆ ಒಳಗಿನ ಬಿಗಿಯಾಗುತ್ತಿದ್ದವು. ಇನ್ನೊಂದು ದೊಡ್ಡ ಕಟ್ಟುನಿಟ್ಟು ಹಗ್ಗಗಳದು. ಮನೆಯವರ ಬಟ್ಟೆ ಒಣಗುವುದು ಮುಂದಿನ ಹಗ್ಗದಲ್ಲಿ, ಕಸುಬಿನ ಬಟ್ಟೆ ಹಿತ್ತಲಿನ ಹಗ್ಗದಲ್ಲಿ. ಹಿತ್ತಲ ಹಗ್ಗದ ಮೇಲೆ ಏನು ಬಿದ್ದರೂ ಅದು ಬ್ಲೇಡಿಗೆ ಹೋಗುತ್ತದೆ. ನನ್ನ ಗಂಡ ಒಮ್ಮೆ ತನ್ನ ಡ್ಯೂಟಿ ಪ್ಯಾಂಟನ್ನು ಅಲ್ಲಿ ಹಾಕಿ, ಮರುದಿನ ಅದರ ಅರ್ಧವನ್ನು ಪಕ್ಕದ ಮನೆಯವರ ಹೆಗಲ ಮೇಲೆ ನೋಡಿ ಬಂದಿದ್ದರು.

ಈಗ ಮಾವನ ವಿಷಯ. ಮಾವ ಬೋರ್ಡು ಬರೆಯುವವರು. ಅಂಗಡಿಗಳ ಬೋರ್ಡು, ಶಾಲೆಯ ಗೋಡೆ, ಲಾರಿಯ ಹಿಂಭಾಗ, ನೀರಿನ ಟ್ಯಾಂಕಿನ ಮೇಲಿನ ಅಕ್ಷರ, ಊರಲ್ಲಿ ಓದಲು ಬರುವುದೆಲ್ಲ ಅವರದೇ ಕೈ. ಕೆಲಸಕ್ಕೆ ಹೋಗುವಾಗ ಹಾಕುತ್ತಿದ್ದದ್ದು ಬೂದಿ ಬಣ್ಣದ ಒಂದು ದಪ್ಪ ಅಂಗಿ, ವರ್ಷಗಟ್ಟಲೆ ಅದೊಂದೇ. ಎಡಗೈಯಲ್ಲಿ ಬಣ್ಣದ ಡಬ್ಬಿ, ಬಲಗೈಯಲ್ಲಿ ಕುಂಚ. ಬಣ್ಣ ಬದಲಾಯಿಸಬೇಕಾದಾಗಲೆಲ್ಲ ಕುಂಚವನ್ನು ಅಂಗಿಯ ಎಡಪಕ್ಕೆಗೆ ಒರೆಸಿಬಿಡುತ್ತಿದ್ದರು. ಸಂಜೆ ಅವರು ಮನೆಗೆ ಬಂದ ಕೂಡಲೇ ಅತ್ತೆಯ ದನಿ ಬೀದಿಗೆ ಕೇಳುವಂತೆ ಏಳುತ್ತಿತ್ತು.

"ಒರೆಸೋಕೆ ಬೇರೆ ಬಟ್ಟೆ ಸಿಗ್ಲಿಲ್ವಾ ನಿಮಗೆ? ಮನೆ ತುಂಬ ಚಿಂದಿ ಬಿದ್ದಿದೆ!"

"ಇದು ಹತ್ರ ಇತ್ತು ಕಣೇ," ಅನ್ನುತ್ತಿದ್ದರು ಮಾವ.

ಅಷ್ಟೇ. ನಾನು ಈ ಮನೆಗೆ ಬಂದ ಮೇಲೆ ಈ ಜಗಳವನ್ನು ಎಷ್ಟು ಸಲ ಕೇಳಿದ್ದೇನೋ. ಅದೇ ಪ್ರಶ್ನೆ, ಅದೇ ಉತ್ತರ, ಆಮೇಲೆ ಟೀ. ಟೀ ಕುಡಿಯುತ್ತ ಇಬ್ಬರೂ ಏನೂ ಆಗಿಲ್ಲವೆಂಬಂತೆ ಮಾತಾಡುತ್ತಿದ್ದರು.

ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನ ಸಿದ್ಧ, ಅಕ್ಷರದ ಜೊತೆ ನಗುವ ಮುಖದ ಫೋಟೋ ಬೇರೆ. ಮಾವನ ಬೋರ್ಡುಗಳು ಒಂದೊಂದಾಗಿ ಕೆಳಗಿಳಿದವು. ಅವರು ಕುಂಚ ತೊಳೆದಿಟ್ಟು ಟೀ ಕುಡಿದರು. ಆದರೆ ಅತ್ತೆಯ ಹೊಟ್ಟೆ ಉರಿದುಹೋಯಿತು. ಹರಿದ ಫ್ಲೆಕ್ಸುಗಳನ್ನು ಹುಡುಕಿ ತರಿಸಿ, ಚೀಲಗಳಿಗೆ ಒಳಪದರವಾಗಿ ಹಾಕತೊಡಗಿದರು. ಕತ್ತರಿಸುವಾಗ ಮೊದಲ ಕತ್ತರಿ ಯಾವಾಗಲೂ ಫೋಟೋದವರ ಮೂಗಿಗೇ. "ನಿಮ್ಮ ಮಾವನ ಅನ್ನ ಕಿತ್ಕೊಂಡಿದ್ದು ಇವೇ ಕಣೇ. ಈಗ ಚೀಲದೊಳಗೆ ಕತ್ತಲಲ್ಲಿ ಬಿದ್ದಿರಲಿ," ಅನ್ನುತ್ತಿದ್ದರು.

ಮಾವ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದವರು ಕುಸಿದರು, ಹಾಗೆಯೇ ಹೋದರು. ಅವರ ಕುಂಚಗಳನ್ನು ನನ್ನ ಗಂಡ ಯಾರಿಗೋ ಕೊಟ್ಟರು. ಡಬ್ಬಿಗಳು ಒಣಗಿ ಗಾರೆಯಾದವು. ಆ ಅಂಗಿಯನ್ನು ಮಾತ್ರ ಅತ್ತೆ ಮುಂಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು, ಮಾವ ಇದ್ದಾಗ ನೇತುಹಾಕುತ್ತಿದ್ದ ಜಾಗದಲ್ಲೇ.

ಅಷ್ಟು ಹೊತ್ತಿಗೆ ಊರಲ್ಲಿ ಮಾವ ಬರೆದದ್ದು ಹೆಚ್ಚೇನೂ ಉಳಿದಿರಲಿಲ್ಲ. ಉಳಿದದ್ದೆಲ್ಲ ಆ ಅಂಗಿಯ ಎಡಪಕ್ಕೆಯಲ್ಲಿ. ಕೆಲಸವಿಲ್ಲದ ಮಧ್ಯಾಹ್ನ ಅತ್ತೆ ಅದನ್ನು ಮೊಳೆಯಿಂದ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನನಗೆ ತೋರಿಸುತ್ತಿದ್ದರು. "ಈ ಹಸಿರು ಔಷಧಿ ಅಂಗಡೀದು. ಈ ನೀಲಿ ನೀರಿನ ಟ್ಯಾಂಕಿಂದು, ಇದಕ್ಕೆ ಒಂದು ಹನಿ ಕಪ್ಪು ಬೆರೆಸಿದ್ರು. ಈ ಮೂರು ಚುಕ್ಕಿ ಸೈಕಲ್ ಅಂಗಡಿ ಕೆಂಪು; ಅವತ್ತು ನಮ್ಮಿಬ್ಬರಿಗೂ ಜಗಳ, ಊಟ ಮಾಡ್ದೆ ಹೋಗಿದ್ರು." ನಾನು ಹೂಂಗುಟ್ಟುತ್ತಿದ್ದೆ. ಆ ಅಂಗಿಯನ್ನು ಹಿಡಿದಾಗ ಅವರ ಮುಖ ಬೇರೆಯೇ ಆಗುತ್ತಿತ್ತು. ಅವರಿಗೆ ಮಾವ ಬೇಕಾಗಿತ್ತು, ಅಷ್ಟೇ. ಮಾವ ಸಿಗುವಂತಿರಲಿಲ್ಲ, ಅಂಗಿ ಇತ್ತು.

ಅಂಥ ಅಂಗಿಯನ್ನು ಅತ್ತೆ ತಮ್ಮ ಕೈಯಾರೆ ಕತ್ತರಿಸಿ ಮಾರಿಬಿಟ್ಟರು.

ಆದದ್ದು ಹೀಗೆ. ಕಟ್ಟಡಗಳಿಗೆ ಬಣ್ಣ ಹೊಡೆಸುವ ಮೇಸ್ತ್ರಿಯೊಬ್ಬರು ತಮ್ಮ ಕೆಲಸಗಾರರ ಹಳೆಯ ಬಟ್ಟೆಗಳ ಒಂದು ದೊಡ್ಡ ಗಂಟು ಕಳಿಸಿದ್ದರು. ಎಲ್ಲವೂ ಬಣ್ಣ ಮೆತ್ತಿದವು. ಅತ್ತೆಗೆ ಖುಷಿಯೋ ಖುಷಿ. ಅವನ್ನೆಲ್ಲ ನೆನೆಹಾಕಿ ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದರು. ಅದೇ ದಿನ ಮಾವನ ಅಂಗಿಯನ್ನೂ ತೆಗೆದು, ಧೂಳು ಕೂತಿದೆಯೆಂದು ತಣ್ಣೀರಲ್ಲಿ ಅದ್ದಿದರು. ಮುಂದಿನ ಹಗ್ಗದಲ್ಲಿ ನಾನು ಹಾಸಿಗೆ ಹೊದಿಕೆಗಳನ್ನು ಹರಡಿದ್ದೆ, ಜಾಗವಿರಲಿಲ್ಲ. "ಒಂದು ಗಳಿಗೆ ಇಲ್ಲಿರಲಿ," ಎಂದು ಅದನ್ನೂ ಹಿತ್ತಲಲ್ಲೇ ಹಾಕಿದರು. ಸಂಜೆ ಗಾಳಿ ಎದ್ದಿತು. ಅತ್ತೆ ಓಡಿಹೋಗಿ ಎಲ್ಲವನ್ನೂ ಎರಡೂ ತೋಳಲ್ಲಿ ಬಾಚಿ ತಂದು ಗುಡ್ಡೆ ಹಾಕಿದರು. ಅಂಗಿಯನ್ನು ಮೊಳೆಗೆ ಹಾಕಿದ್ದೇನೆ ಎಂಬುದು ಅವರ ಮನಸ್ಸಿನಲ್ಲಿತ್ತು. ಮುಂಬಾಗಿಲು ಬೆಳಗಿನಿಂದ ಮಲಗುವವರೆಗೆ ಗೋಡೆಗೊರಗಿ ತೆರೆದೇ ಇರುತ್ತದೆ, ಮುಚ್ಚುವುದು ದೀಪ ಆರಿಸಿದ ಮೇಲೆ; ಹಾಗಾಗಿ ಅದರ ಹಿಂದಿನ ಮೊಳೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮರುದಿನ ಬಿಚ್ಚುವ ಕೆಲಸ. ರೇಡಿಯೋದಲ್ಲಿ ಯಾರೋ ನಗೆಹನಿ ಹೇಳುತ್ತಿದ್ದರು, ಅತ್ತೆಯ ಕೈ ತನ್ನ ಪಾಡಿಗೆ ಓಡುತ್ತಿತ್ತು. ತೋಳು, ಬೆನ್ನು, ಎದೆ ಎಲ್ಲ ಬೇರೆಬೇರೆಯಾಗಿ, ಅದಲುಬದಲಾಗಿ, ಗುಡ್ಡೆಯಾಯಿತು. ಕತ್ತರಿಸಲು ಹಾಸುವಾಗ ಒಂದು ತುಂಡನ್ನು ಅಡ್ಡಕ್ಕೆ ತಿರುಗಿಸಿ, ಕೈಚಾಚಿ ಹಿಡಿದು ನೋಡಿದರು.

"ನೋಡೇ ಇಲ್ಲಿ. ಯಾವನೋ ಪುಣ್ಯಾತ್ಮ, ಕೈ ಒರೆಸೋದ್ರಲ್ಲೂ ರುಚಿ ಇಟ್ಕೊಂಡಿದಾನೆ."

ನಿಜಕ್ಕೂ ಚೆನ್ನಾಗಿತ್ತು. ಯಾರೋ ಚಿತ್ರಗಾರ ಯೋಚಿಸಿ ಇಟ್ಟಂತೆ ಬಣ್ಣಗಳು ಕೂತಿದ್ದವು. ಆ ಚೀಲಕ್ಕೆ ಅತ್ತೆ ಎರಡು ಸಾಲು ಹೊಲಿಗೆ ಹಾಕಿ, ಎಲ್ಲದರ ಮೇಲಿಟ್ಟು, ಬಸ್ ನಿಲ್ದಾಣದ ಬಳಿಯ ಪುಸ್ತಕದಂಗಡಿಗೆ ಕಳಿಸಿದರು. ನಮ್ಮ ಚೀಲಗಳು ಮಾರಾಟವಾಗುವುದು ಅಲ್ಲಿಯೇ. ಅವತ್ತೇ ಅದು ಹೋಗಿಬಿಟ್ಟಿತೆಂದು ಸುದ್ದಿ ಬಂದಾಗ ಅತ್ತೆ ಜಂಬದಿಂದ ತಲೆಯಾಡಿಸಿದರು.

ಆಮೇಲೊಂದು ಮಧ್ಯಾಹ್ನ ಬೀದಿಯ ಧೂಳು ಒಳಗೆ ನುಗ್ಗತೊಡಗಿತು, ನಾನು ಮುಂಬಾಗಿಲು ಮುಚ್ಚಿದೆ. ಮೊಳೆ ಖಾಲಿ.

"ಅಂಗಿ ನೀನು ತೆಗೆದಿಟ್ಯೇನೇ?" ಅತ್ತೆ ಕೇಳಿದರು.

"ನಾನ್ಯಾಕೆ ತೆಗೀಲಿ? ಈ ಮನೇಲಿ ಬಟ್ಟೆ ಮಾಯವಾದ್ರೆ ಯಾರನ್ನ ಕೇಳ್ಬೇಕು ಅಂತ ಊರಿಗೇ ಗೊತ್ತು," ಎಂದು ನಾನು ಸಿಡುಕಿದೆ. ನನ್ನ ನಾಲಿಗೆಯೇ ಹಾಗೆ.

ಅತ್ತೆ ಮನೆಯೆಲ್ಲ ಜಾಲಾಡಿದರು. ಕೊನೆಗೆ ಕಾಲರುಗಳ ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಬೂದಿ ಬಣ್ಣದ ಒಂದು ಕಾಲರು ಸಿಕ್ಕಿತು. ಅದು ಸವೆದಾಗ ತಿರುಗಿಸಿ ಹೊಲಿದವರು ಅವರೇ. ತಮ್ಮ ಹೊಲಿಗೆಯ ಗುರುತು ಅವರಿಗೆ ತಪ್ಪುವುದಿಲ್ಲ. ಅದನ್ನು ಹಿಡಿದು ನೆಲದ ಮೇಲೆ ಕೂತುಬಿಟ್ಟರು.

"ಎಷ್ಟು ವರ್ಷ ಒಗೆದಿದೀನಿ ಕಣೇ ಆ ಅಂಗೀನ. ಕೈಗಾದ್ರೂ ಗೊತ್ತಾಗ್ಬಾರ್ದಿತ್ತಾ?" ಎಂದರು. ಕಾಲರನ್ನು ಮಡಿಲಲ್ಲಿ ಹರಡಿ, "ಯಾವನೋ ಅಂದೆ. ನಿಮ್ಮ ಮಾವನ್ನ ಹಿಡ್ಕೊಂಡು ಯಾವನೋ ಅಂದೆ," ಎಂದು ಬಾಯಿಗೆ ಕೈ ಅಡ್ಡ ಹಿಡಿದು ಅತ್ತರು.

ನಾನು ಟೀ ಮಾಡಿ ತಂದೆ. ಬೇರೆ ಏನು ಮಾಡಬೇಕೋ ತೋಚಲಿಲ್ಲ. ಅತ್ತೆ ಕಾಲರನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಟೀ ಕುಡಿದರು.

ಪುಸ್ತಕದಂಗಡಿಗೆ ನಾನೇ ಓಡಿದೆ. ಚೀಲ ಮಾರಿದ ದಿನ ಅಂಗಡಿಯಲ್ಲಿದ್ದದ್ದು ಯಜಮಾನನ ಭಾವಮೈದ. ಕೊಂಡವರು ಹೆಂಗಸೋ ಗಂಡಸೋ ಎಂಬುದೂ ಆ ಮಹಾಶಯನಿಗೆ ನೆನಪಿರಲಿಲ್ಲ. "ಚೀಲ ತಗೊಂಡ್ರು, ಹೋದ್ರು," ಅಂದ. ಅಷ್ಟು ಹೇಳಲು ಐದು ನಿಮಿಷ ತಲೆ ಕೆರೆದುಕೊಂಡಿದ್ದ.

ಅಲ್ಲಿಂದ ಅತ್ತೆಗೆ ಹೊಸ ಚಾಳಿ ಅಂಟಿತು. ಮನುಷ್ಯರ ಮುಖ ನೋಡುವುದನ್ನು ಬಿಟ್ಟು ಹೆಗಲು ನೋಡತೊಡಗಿದರು. ಬಸ್ಸಿನಲ್ಲಿ, ಅಂಗಡಿಯ ಸಾಲಿನಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ. ಬೀದಿಯಲ್ಲಿ ಪರಿಚಯದವರು ಎದುರಾಗಿ ನಕ್ಕರೂ ಇವರ ಕಣ್ಣು ಅವರ ಪಕ್ಕೆಯ ಕಡೆಗೆ. ಒಂದು ಸಲ ಬಣ್ಣಬಣ್ಣದ ಚೀಲ ಹಾಕಿಕೊಂಡ ಹೆಂಗಸೊಬ್ಬಳ ಬೆನ್ನು ಹತ್ತಿ ಹಲ್ಲಿನ ಡಾಕ್ಟರ ಬಳಿ ಹೋದರು. ಹತ್ತಿರ ಹೋಗಿ ನೋಡಿದರೆ ಹೂವು ಅಚ್ಚು ಹಾಕಿದ ಬಟ್ಟೆ. ಅಷ್ಟರಲ್ಲಿ ನರ್ಸು ಒಳಗೆ ಕರೆದಳಂತೆ. ಸಂಕೋಚಕ್ಕೆ ಸಿಕ್ಕಿಬಿದ್ದು, ನೋವಿಲ್ಲದ ಹಲ್ಲು ತೋರಿಸಿಕೊಂಡು ಬಂದರು.

"ಹಲ್ಲು ಗಟ್ಟಿಯಾಗಿದೆಯಂತಾ?" ಎಂದು ನಾನು ಕೇಳಿದೆ.

"ನಗು ನೀನು," ಅಂದರು. ಅವರಿಗೂ ನಗು ಬಂತು. ನಗುತ್ತಲೇ ಕಣ್ಣು ತುಂಬಿಕೊಂಡಿತು.

ಆಮೇಲೆ ಒಂದು ಉಪಾಯ ಹೂಡಿದರು. ಚೀಲವೆಂದ ಮೇಲೆ ಯಾವಾಗಲಾದರೂ ಹರಿಯಲೇಬೇಕು, ಹರಿದರೆ ರಿಪೇರಿಗೆ ಬರಬೇಕು. ಪುಸ್ತಕದಂಗಡಿಯಲ್ಲಿ ಒಂದು ರಟ್ಟು ಹಾಕಿಸಿದರು: 'ಇಲ್ಲಿ ಕೊಂಡ ಚೀಲ ಹಾಳಾದರೆ ಚೀಲದಮ್ಮನ ಮನೆಗೆ ತನ್ನಿ, ರಿಪೇರಿ ಪುಕ್ಕಟೆ.' ಬರೆದದ್ದು ನನ್ನ ಗಂಡ. ಬೋರ್ಡು ಬರೆಯುವವರ ಮಗನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಅದನ್ನು ನೋಡಿ ಅತ್ತೆ, "ಅವರಿದ್ದಿದ್ರೆ..." ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು.

ಚೀಲಗಳು ಬಂದವು. ಜಿಪ್ಪು ಹೋದವು, ನಾಯಿ ಕಚ್ಚಿದವು, ಎಣ್ಣೆ ಚೆಲ್ಲಿಕೊಂಡವು. ಪ್ರತಿ ಸಲ ಬಾಗಿಲಲ್ಲಿ ನೆರಳು ಬಿದ್ದಾಗ ಅತ್ತೆಯ ಕಾಲು ಮಿಷನ್ನಿನ ಮೇಲೆ ನಿಲ್ಲುತ್ತಿತ್ತು. ಅದಲ್ಲವೆಂದು ತಿಳಿದ ಮೇಲೆ ಮತ್ತೆ ಓಡುತ್ತಿತ್ತು. ಒಂದು ವರ್ಷ ಕಳೆಯಿತು, ಇನ್ನೊಂದೂ ಮುಗಿಯುತ್ತ ಬಂತು.

"ಅದು ಬರಲ್ಲ ಕಣೇ," ಅಂದರು ಒಮ್ಮೆ. "ಬಟ್ಟೆ ಚೆನ್ನಾಗಿದೆ ಅಂತ ಎರಡು ಸಾಲು ಹೊಲಿಗೆ ಹಾಕಿದೀನಿ. ಹಿಡಿಗೆ ನಾಲ್ಕು ಪದರ ಕೊಟ್ಟಿದೀನಿ. ನಾನೇ ಗಟ್ಟಿಯಾಗಿ ಹೊಲಿದ್ಬಿಟ್ಟೆ, ಇನ್ನೆಲ್ಲಿಂದ ಹರಿಯುತ್ತೆ?"

ಜೀವಮಾನದಲ್ಲಿ ತನ್ನ ಹೊಲಿಗೆ ಬಿಚ್ಚಿಕೊಳ್ಳಲಿ ಎಂದು ಹಂಬಲಿಸಿದ ಕಸುಬುದಾರಳನ್ನು ನಾನು ನೋಡಿದ್ದು ಅದೊಂದೇ ಸಲ.

ಹೊಲಿಗೆ ಬಿಚ್ಚಲೇ ಇಲ್ಲ. ಕೈಕೊಟ್ಟದ್ದು ಒಳಗಿದ್ದ ಫ್ಲೆಕ್ಸು.

ಒಂದು ಮಧ್ಯಾಹ್ನ ಬಾಗಿಲಲ್ಲಿ ಕೋಲಿನ ಟಕಟಕ ಕೇಳಿಸಿತು. ಬಿಳಿ ಕೋಲು ಹಿಡಿದ, ಮೂವತ್ತರ ಆಚೀಚಿನ ಹೆಣ್ಣುಮಗಳು. "ಚೀಲದಮ್ಮ ಅನ್ನೋರು ಇಲ್ಲೇ ಇರೋದಾ? ಪುಸ್ತಕದಂಗಡಿ ರಟ್ಟು ನೋಡಿ ಗೆಳತಿ ಹೇಳಿದ್ಲು," ಎಂದಳು. ಕಣ್ಣು ಕಾಣದು, ಆಸ್ಪತ್ರೆಯಲ್ಲಿ ಫೋನ್ ತೆಗೆದುಕೊಳ್ಳುವ ಕೆಲಸ. ಹೆಗಲಿನಿಂದ ಚೀಲ ಇಳಿಸಿ ಮುಂದೆ ಚಾಚಿದಳು.

ಅತ್ತೆಯ ಕಾಲು ನಿಂತಿತು. ನಾನು ಅಡುಗೆಮನೆಯಿಂದಲೇ ನೋಡಿದೆ: ಬೂದಿ ಬಣ್ಣ, ಹಸಿರು, ನೀಲಿ, ಮೂರು ಕೆಂಪು ಚುಕ್ಕಿ. ಸೌಟು ಕೆಳಗಿಟ್ಟು ಹೊರಗೆ ಬಂದೆ.

"ಗೆಳತಿ ಕೊಂಡ್ಕೊಟ್ಟಿದ್ದು ಇದು. ಹೊರಗೆಲ್ಲಾ ಚೆನ್ನಾಗಿದೆಯಮ್ಮಾ. ಒಳಗಿನ ಪ್ಲಾಸ್ಟಿಕ್ಕು ಬಿರುಕು ಬಿಟ್ಟು ಕೈಗೆ ಗೀರುತ್ತೆ," ಎಂದಳು ಅವಳು. "ಹೊಸದು ತಗೋ ಅಂತಾರೆ ಎಲ್ರೂ. ನಂಗೆ ಇದೇ ಬೇಕು. ಆಸ್ಪತ್ರೇಲಿ ಎಲ್ಲರ ಚೀಲಾನೂ ಒಂದೇ ಕಪಾಟಲ್ಲಿ ಇಡೋದು. ಇದಾದ್ರೆ ಮುಟ್ಟಿದ ತಕ್ಷಣ ನಂದು ಅಂತ ಗೊತ್ತಾಗುತ್ತೆ. ನೋಡಿ, ಇದು ದೊಡ್ಡಣ್ಣ." ಔಷಧಿ ಅಂಗಡಿಯ ಹಸಿರಿನ ಗಟ್ಟಿ ಮಚ್ಚೆಯ ಮೇಲೆ ಅವಳ ಬೆರಳಿತ್ತು. "ಇವು ಮೂರು ಅಕ್ಕತಂಗೀರು. ಅಕ್ಕತಂಗೀರು ಮೇಲೆ ಬರೋ ಹಾಗೆ ಹಾಕ್ಕೊಂಡ್ರೆ ಚೀಲದ ಬಾಯಿ ನನ್ನ ಕಡೆ ಇರುತ್ತೆ. ಬೆಳಿಗ್ಗೆ ಇವರ್ನೆಲ್ಲ ಮುಟ್ಟಿ ನೋಡ್ಕೊಂಡೇ ಮನೆ ಬಿಡೋದು."

ಅತ್ತೆ ಚೀಲವನ್ನು ಇಸಿದುಕೊಂಡರು. ಎದೆಗೆ ಅವುಚಿಕೊಂಡರು. ಅದು ಅವಳಿಗೆ ಕಾಣದಿದ್ದದ್ದು ಒಳ್ಳೆಯದೇ ಆಯಿತು.

"ದೊಡ್ಡಣ್ಣ ಯಾವ ಬಣ್ಣ ಅಮ್ಮಾ? ಯಾರನ್ನ ಕೇಳಿದ್ರೂ ಎಲ್ಲಾ ಬಣ್ಣಾನೂ ಇದೆ ಅಂತ ಹೇಳಿ ಮುಗಿಸ್ಬಿಡ್ತಾರೆ."

"ಹಸಿರು. ಔಷಧಿ ಅಂಗಡಿ ಹಸಿರು," ಎಂದು ಅತ್ತೆ ಬಾಯಿ ತಪ್ಪಿ ಹೇಳಿ ನಾಲಿಗೆ ಕಚ್ಚಿಕೊಂಡರು.

"ಔಷಧಿ ಅಂಗಡಿ!" ಎಂದು ಅವಳು ನಕ್ಕಳು. ಒಂದು ವಾರ ಬಿಟ್ಟು ಬರಲು ಹೇಳಿದರು ಅತ್ತೆ. ಅಲ್ಲಿಯವರೆಗೆ ಬಳಸಲು ಬೇರೆ ಚೀಲ ಕೊಟ್ಟು ಕಳಿಸಿದರು.

ಅವಳು ಹೋದದ್ದೇ ತಡ, ಅತ್ತೆ ಚೀಲವನ್ನು ಬಿಚ್ಚಿದರು. ಇಷ್ಟು ಮೆಲ್ಲಗೆ ಅವರು ಹೊಲಿಗೆ ಬಿಚ್ಚಿದ್ದನ್ನು ನಾನು ಕಂಡಿರಲಿಲ್ಲ. ತುಂಡು ಬಿಡಿಯಾಗಿ ಕೈಗೆ ಬಂದಾಗ ಅದನ್ನು ನೆಟ್ಟಗೆ ತಿರುಗಿಸಿ, ಮಾವ ಎದುರಿಗೆ ನಿಂತಿದ್ದಾರೇನೋ ಎಂಬಂತೆ ಅವರ ಎಡಪಕ್ಕೆಯ ಎತ್ತರಕ್ಕೆ ಹಿಡಿದರು. ಸಂಜೆ ಕೆಲಸ ಮುಗಿಸಿ ಬಂದ ನನ್ನ ಗಂಡ ಬಾಗಿಲಲ್ಲೇ ನಿಂತುಬಿಟ್ಟರು. "ಅಪ್ಪಂದು," ಎಂದರು. ಆಮೇಲೆ ಕೈಕಾಲು ತೊಳೆಯಲು ಹೋದವರು ತುಂಬ ಹೊತ್ತು ನೀರು ಬಿಟ್ಟುಕೊಂಡೇ ಇದ್ದರು.

"ಕೊಡಲ್ಲ ಕಣೇ ಇದನ್ನ," ಅಂದರು ಅತ್ತೆ. "ಇದೇ ಥರ ಇನ್ನೊಂದು ಮಾಡ್ತೀನಿ. ಅಣ್ಣ, ಅಕ್ಕತಂಗೀರು, ಎಲ್ಲಾರ್ನೂ ಅದೇ ಜಾಗದಲ್ಲಿ ಕೂರಿಸ್ತೀನಿ. ಅವಳಿಗೆ ಬೇಕಿರೋದು ಉಬ್ಬು ತಾನೆ?"

"ಮಾಡಿ ಅತ್ತೆ. ಎರಡು ವರ್ಷ ಕಾದಿದೀರಿ, ನಿಮ್ಮದೇ ಅದು," ಅಂದೆ. ಮನಸ್ಸಿನಿಂದಲೇ ಅಂದೆ.

ಪುಟ್ಟಪುಟ್ಟ ಡಬ್ಬಿಗಳಲ್ಲಿ ಎಣ್ಣೆಬಣ್ಣ ತರಿಸಿದರು. ಬೂದಿ ಬಣ್ಣದ್ದೇ ದಪ್ಪ ಬಟ್ಟೆ ಹುಡುಕಿ ಹಾಸಿದರು. ಒಂದು ಚುಕ್ಕಿಗೂ ಇನ್ನೊಂದಕ್ಕೂ ನಡುವಿನ ದೂರವನ್ನು ದಾರದಿಂದ ಅಳೆದರು. ಜೀವನವಿಡೀ ಬಣ್ಣದ ಮೇಲೆ ಕತ್ತಿ ಮಸೆದವರು ಈಗ ಕುಂಚ ಹಿಡಿದು, ನಾಲಿಗೆ ಹೊರಗೆ ಚಾಚಿ, ಮಗುವಿನಂತೆ ಮುಳುಗಿಹೋಗಿದ್ದರು. ಟ್ಯಾಂಕಿನ ನೀಲಿಗೆ ಒಂದು ಹನಿ ಕಪ್ಪು. ಕೆಂಪು ಸ್ವಲ್ಪ ಒಣಗಿದ ಮೇಲೆ ಇನ್ನೊಂದು ಪದರ. "ಹೀಗಲ್ಲ, ಅವರು ಹೀಗೆ ಎಳೀತಿದ್ರು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕೋಣೆಯಲ್ಲಿ ಮಾವ ಇದ್ದಾಗಿನ ವಾಸನೆ ತುಂಬಿತು. ಆ ದಿನಗಳಲ್ಲಿ ಅತ್ತೆ ಗುನುಗುತ್ತಿದ್ದರು. ಅಷ್ಟು ಗೆಲುವಾಗಿ ಅವರಿದ್ದದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಹೇಳಿದ ದಿನ ಫೋನಿನ ಹೆಣ್ಣುಮಗಳು ಬಂದಳು. ಅತ್ತೆ ಹೊಸ ಚೀಲವನ್ನು ಅವಳ ಕೈಗಿಟ್ಟರು. ಅವಳ ಬೆರಳು ದೊಡ್ಡಣ್ಣನ ಜಾಗಕ್ಕೆ ಹೋಯಿತು, ಅಲ್ಲಿಂದ ಅಕ್ಕತಂಗಿಯರ ಕಡೆಗೆ ಹೋಯಿತು, ಮತ್ತೆ ಹಿಂದಕ್ಕೆ ಬಂತು. ಮುಖದ ಮೇಲಿದ್ದ ನಗು ಮೆಲ್ಲಗೆ ಆರಿತು.

"ಹೊಲಿಗೆ ತುಂಬಾ ಚೆನ್ನಾಗಿದೆಯಮ್ಮಾ," ಎಂದಳು. "ಆದ್ರೆ ಇದು ನಂದಲ್ಲ ಅನ್ಸುತ್ತೆ. ಬೇರೆ ಯಾರ್ದೋ ಕೊಟ್ರೇನೋ."

'ಅದೇ ಇದು, ಒಳಗಿಂದು ಬದಲಾಗಿದೆಯಲ್ಲ, ಹಾಗಾಗಿ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ನನ್ನ ಕಡೆ ನೋಡಿ ತಲೆಯಲ್ಲಾಡಿಸಿದರು.

"ಅಲ್ಲಮ್ಮಾ. ನಿಂದು ಒಳಗಿದೆ," ಅಂದರು.

ತುಂಡನ್ನು ತಂದು ಅವಳ ಕೈಯಲ್ಲಿಟ್ಟು, ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದರು. ಅಂಗಿ ಯಾರದು, ಹಗ್ಗ ಹೇಗೆ ತಪ್ಪಿತು, 'ಯಾವನೋ' ಅಂದದ್ದು, ಹಲ್ಲಿನ ಡಾಕ್ಟರು. ಆ ಹೆಣ್ಣುಮಗಳು ತಲೆ ಬಾಗಿಸಿ ಕೇಳಿದಳು. ಬೆರಳು ಮಾತ್ರ ಮೂರು ಕೆಂಪು ಚುಕ್ಕಿಗಳ ಮೇಲೆ ಸುಳಿದಾಡುತ್ತಿತ್ತು.

"ಹಾಗಾದ್ರೆ ಇದು ನಿಮ್ಮದೇ. ಇಟ್ಕೊಳ್ಳಿ ಅಮ್ಮಾ. ನಾನು ಹೊಸದನ್ನ ರೂಢಿ ಮಾಡ್ಕೊಳ್ತೀನಿ," ಎಂದು ತುಂಡನ್ನು ಮುಂದಕ್ಕೆ ಚಾಚಿದಳು. ಚಾಚಿದಳೇ ಹೊರತು ಬೆರಳು ಸಡಿಲಿಸಲಿಲ್ಲ. ಅದು ಅವಳಿಗೇ ಗೊತ್ತಾಗಿರಲಿಕ್ಕಿಲ್ಲ. ಅತ್ತೆ ಆ ಬೆರಳುಗಳನ್ನು ನೋಡುತ್ತಿದ್ದರು.

"ಅತ್ತೆ, ಅರ್ಧ ಅರ್ಧ ಮಾಡಿದ್ರೆ..." ಅಂದೆ ನಾನು.

"ಕತ್ತರಿ ಹಾಕಿದ್ದು ಸಾಕು ಕಣೇ," ಎಂದರು. ಅವಳ ಕೈಯನ್ನು ಅವಳ ಮಡಿಲಿಗೇ ಸರಿಸಿದರು. "ನನ್ನ ಹತ್ರ ಇದ್ರೆ ಬಾಗಿಲ ಹಿಂದೆ ನೇತಾಡ್ತಾ ಇರುತ್ತೆ. ನಿನ್ನ ಹತ್ರ ಇದ್ರೆ ದಿನಾ ಕೆಲಸಕ್ಕೆ ಹೋಗುತ್ತೆ. ಅವರು ಒಂದು ದಿನಾನೂ ಮನೇಲಿ ಕೂತೋರಲ್ಲಮ್ಮ."

ಅವಳನ್ನು ಕೂರಿಸಿಕೊಂಡೇ ಹಳೆಯ ಚೀಲವನ್ನು ಮತ್ತೆ ಹೊಲಿದರು. ಒಳಪದರಕ್ಕೆ ಈ ಸಲ ಫ್ಲೆಕ್ಸು ಹಾಕಲಿಲ್ಲ, ಕೊಡೆಯ ಮೆತ್ತನೆ ಬಟ್ಟೆ ಹಾಕಿದರು. ಹೊಲಿಯುತ್ತ ಒಂದೊಂದು ಮಚ್ಚೆಯ ಕಥೆಯನ್ನೂ ಹೇಳಿದರು. ಅವಳು ಪಾಠ ಒಪ್ಪಿಸುವವಳ ಹಾಗೆ ಅವರ ಮಾತಿನ ಹಿಂದೆಯೇ ಹೇಳುತ್ತ ಬಂದಳು: ಔಷಧಿ ಅಂಗಡಿ, ನೀರಿನ ಟ್ಯಾಂಕು, ಸೈಕಲ್ ಅಂಗಡಿ.

"ಸೈಕಲ್ ಅಂಗಡಿ ದಿನ ಊಟ ಮಾಡ್ದೆ ಹೋಗಿದ್ರು ಅಂದ್ರಲ್ಲ, ಯಾಕಮ್ಮಾ ಜಗಳ?"

ಅತ್ತೆ ಯೋಚಿಸಿದರು. "ಮರ್ತೇ ಹೋಗಿದೆ ಕಣಮ್ಮಾ," ಅಂದರು. "ಆದ್ರೆ ಊಟ ಮಾಡ್ಲಿಲ್ಲ ಅನ್ನೋದು ಮಾತ್ರ ಮರೆಯಲ್ಲ."

ಅವಳು ಹೊರಟಾಗ ಅತ್ತೆ ಬಾಗಿಲಿಗೆ ಬಂದು ನಿಂತರು. ಎರಡು ವರ್ಷ ಊರವರ ಹೆಗಲನ್ನೆಲ್ಲ ಹುಡುಕಿದ ಕಣ್ಣು ಅವತ್ತು ಒಂದೇ ಹೆಗಲ ಮೇಲಿತ್ತು. ಕೋಲು ಟಕಟಕ ಎನ್ನುತ್ತ, ಚೀಲ ಅವಳ ಎಡಪಕ್ಕೆಗೆ ಬಡಿಯುತ್ತ, ಬೀದಿಯ ತಿರುವಿನವರೆಗೆ ಕಂಡಿತು. ಆಮೇಲೆ ಕಾಣಲಿಲ್ಲ. ಅತ್ತೆ ಒಳಗೆ ಬಂದು ಕತ್ತರಿ ಕೈಗೆತ್ತಿಕೊಂಡರು. ನಕಲು ಚೀಲ ನನ್ನ ಪಾಲಿಗೆ ಬಂತು, ಈಗಲೂ ತರಕಾರಿ ತರುವುದು ಅದರಲ್ಲೇ.

ಸಂಜೆ ಬಟ್ಟೆ ನೆನೆಹಾಕುವ ಮುಂಚೆ, "ಏಪ್ರನ್ ಬಿಚ್ಚಿಕೊಡಿ ಅತ್ತೆ, ಜೊತೆಗೇ ಹಾಕ್ತೀನಿ," ಎಂದು ಅವರ ಬಳಿ ಹೋದೆ. ನೋಡಿದರೆ ಅದರ ಎಡಪಕ್ಕೆಯ ತುಂಬ ಬಣ್ಣ. ಹಸಿರು, ಕಪ್ಪು ಬೆರೆತ ನೀಲಿ, ಕೆಂಪು, ಒಂದರ ಮೇಲೊಂದು ಒರೆಸಿದ್ದು, ಒಣಗಿ ಗಟ್ಟಿಯಾದದ್ದು. ವಾರವೆಲ್ಲ ನಕಲು ಮಾಡುತ್ತ ಕೂತಾಗ ಕುಂಚ ಹೋಗಿದ್ದದ್ದು ಅಲ್ಲಿಗೇ. ನಾನು ಎಂದಿನ ಸಿಡುಕಿನಲ್ಲೇ ಅಂದೆ:

"ಏನತ್ತೆ ಇದು? ಒರೆಸೋಕೆ ಬೇರೆ ಬಟ್ಟೆ ಸಿಗ್ಲಿಲ್ವಾ? ಮನೆ ತುಂಬ ಚಿಂದಿ ಬಿದ್ದಿದೆ."

ಅತ್ತೆ ಕತ್ತರಿಸುವ ಬಟ್ಟೆಯಿಂದ ತಲೆ ಎತ್ತಲಿಲ್ಲ. "ಇದು ಹತ್ರ ಇತ್ತು ಕಣೇ," ಅಂದರು.

ಕತ್ತರಿ ನಿಂತಿತು.

ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಆಮೇಲೆ ತಲೆ ಬಗ್ಗಿಸಿ ತಮ್ಮ ಎಡಪಕ್ಕೆಯನ್ನು ನೋಡಿಕೊಂಡು, ಆ ಬಣ್ಣಗಳ ಮೇಲೆ ಅಂಗೈ ಇಟ್ಟರು. "ಎಷ್ಟು ಬೈದೆನಲ್ಲೇ ಅವರನ್ನ," ಎಂದರು. ಅತ್ತರು, ನನಗೂ ಅಳು ಬಂತು. ಇಬ್ಬರೂ ಮೂಗು ಒರೆಸಿಕೊಳ್ಳಲು ಕೈಗೆ ಸಿಕ್ಕ ಚಿಂದಿ ತೆಗೆದುಕೊಂಡೆವು. ಅಷ್ಟಕ್ಕಾದರೂ ಅವು ಉಪಯೋಗಕ್ಕೆ ಬಂದವು.

ಏಪ್ರನ್ನನ್ನು ನನಗೆ ಒಗೆಯಲು ಕೊಡಲಿಲ್ಲ. ಮಾವನ ಅಂಗಿಯ ಕಾಲರು ಅದರ ಜೇಬಿನಲ್ಲೇ ಇತ್ತು. ಅದರ ಸಮೇತ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಬಾಗಿಲು ಮುಚ್ಚಿ, ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. ಅಂದಿನಿಂದ ನಮ್ಮ ಮುಂಬಾಗಿಲು ಹಗಲಲ್ಲೂ ಮುಚ್ಚಿಯೇ ಇರುತ್ತದೆ. ಚೀಲ ಕೊಳ್ಳಲು ಬಂದವರು ತಟ್ಟಬೇಕು.